ಒಂಬತ್ತು ನಂಬರಿನ ಉಣ್ಣೆ ಮೆಟ್ಟು

ಕೊಟ್ಟೂರಿನ ಗುಡಿಯ ಮುಂದೆ ಚಪ್ಪಲಿ ಕಾಯುವ ಗಿಡ್ಡಮ್ಮ ಮನುಷ್ಯರ ಮುಖ ನೋಡಿ ಮಾತಾಡುವವಳಲ್ಲ. ಮುಖದ್ದೇನು, ಎಣ್ಣೆ ಹಚ್ಚಿ ತಲೆ ಬಾಚಿ ವಿಭೂತಿ ಬಳಿದುಕೊಂಡರೆ ಎಂಥವನೂ ಸಾಧುವಿನ ಹಾಗೆ ಕಾಣುತ್ತಾನೆ. ಅವಳು ನೋಡುವುದು ಕಾಲು. ಇಪ್ಪತ್ತೇಳು ವರ್ಷದಿಂದ ತಗಡಿನ ಮಾಡಿನ ಕೆಳಗೆ ಕಲ್ಲುಚಪ್ಪಡಿಯ ಮೇಲೆ ಕೂತು, ಬಂದವರ ಮೆಟ್ಟು ಈಸಿಕೊಂಡು, ನಂಬರು ಹೊಡೆದ ಬಿಲ್ಲೆ ಕೊಟ್ಟು, ದರ್ಶನ ಮುಗಿಸಿ ಬಂದಾಗ ಬಿಲ್ಲೆ ನೋಡಿ ಮೆಟ್ಟು ತಿರುಗಿ ಕೊಡುವುದು ಅವಳ ಕೆಲಸ. ಹೇಳುವುದಕ್ಕೆ ಸುಲಭ. ಆದರೆ ಬಿಲ್ಲೆ ಕಳೆದುಕೊಂಡವರು ಬರುತ್ತಾರೆ, ಕಳೆದುಕೊಂಡಂತೆ ನಟಿಸುವವರೂ ಬರುತ್ತಾರೆ, ಹಳೆಯದನ್ನು ಬಿಟ್ಟು ಹೊಸದನ್ನು ಮೆಟ್ಟಿಕೊಂಡು ಹೊರಡುವ ಭಕ್ತರಂತೂ ವಾರಕ್ಕೊಬ್ಬರಾದರೂ ಇದ್ದೇ ಇರುತ್ತಾರೆ.

ಒಮ್ಮೆ ಇಸ್ತ್ರಿ ಮಾಡಿದ ಬಿಳಿ ಅಂಗಿಯ ದೊಡ್ಡ ಮನುಷ್ಯನೊಬ್ಬ ಬಿಲ್ಲೆ ಎಲ್ಲೋ ಬಿದ್ದುಹೋಯಿತು ಎಂದು ಹೇಳಿ, ಹೊಳೆಯುವ ಕಂದು ಜೋಡಿನ ಕಡೆ ಕೈ ತೋರಿಸಿದ. ಗಿಡ್ಡಮ್ಮ ತಲೆ ಎತ್ತಲಿಲ್ಲ.

"ಸಾಹೇಬ್ರ, ನಿಮ್ಮ ಎಡಗಾಲ ಹೆಬ್ಬಟ್ಟು ಸೊಟ್ಟ ಐತಿ. ಈ ಜೋಡು ಹಾಕ್ಕೊಂಡಾವಂದು ನೆಟ್ಟಗ ಐತಿ. ನಿಮ್ಮವು ಆ ಮೂಲ್ಯಾಗ ಅದಾವ ನೋಡ್ರಿ, ಉಂಗುಷ್ಟ ಕಿತ್ತಾವು."

ದೊಡ್ಡ ಮನುಷ್ಯ ಉಂಗುಷ್ಟ ಕಿತ್ತ ಚಪ್ಪಲಿ ಎಳೆದುಕೊಂಡು ಹೋದ. ಹೀಗಾಗಿ ಅನುಮಾನವೆಂದರೆ ಗಿಡ್ಡಮ್ಮನ ಪಾಲಿಗೆ ದುರ್ಗುಣವಲ್ಲ, ಹೊಟ್ಟೆಪಾಡು. ತೊಂದರೆ ಏನೆಂದರೆ, ಮಧ್ಯಾಹ್ನ ಒಂದಕ್ಕೆ ಮನೆಗೆ ಹೊರಡುವಾಗ ಅವಳು ಬಿಲ್ಲೆಗಳನ್ನೆಲ್ಲ ಗುಡಿಯಲ್ಲೇ ಇಟ್ಟು ಬರುತ್ತಿದ್ದಳು, ಅನುಮಾನವನ್ನು ಮಾತ್ರ ಜೊತೆಗೇ ತರುತ್ತಿದ್ದಳು. ಹಾಲಿನವನು ನೀರು ಬೆರೆಸುವುದು ಅವಳಿಗೆ ಗೊತ್ತು. ಪಕ್ಕದ ಮನೆಯ ಶಿವಬಸಮ್ಮ ಸಕ್ಕರೆ ಕೇಳಲು ಬರುವುದು ಸಕ್ಕರೆಗಲ್ಲ ಎಂಬುದೂ ಗೊತ್ತು. ಗಂಡ ಪಕ್ಕೀರಪ್ಪನ ವಿಷಯದಲ್ಲಂತೂ ಅವಳಿಗೆ ಒಂದು ಸಂಗತಿ ಮೂವತ್ತು ವರ್ಷದಿಂದ ಗೊತ್ತಿತ್ತು, ಅಥವಾ ಗೊತ್ತಿದೆ ಎಂದುಕೊಂಡಿದ್ದಳು.

ಪಕ್ಕೀರಪ್ಪ ಸರ್ಕಾರಿ ಬಸ್ಸಿನ ಕಂಡಕ್ಟರಾಗಿದ್ದವನು. ನಿವೃತ್ತಿಯಾಗಿ ಮೂರು ವರ್ಷ. ಅವನ ಇಡೀ ಜನ್ಮದ ಹೆಮ್ಮೆ ಒಂದೇ: ಎಣಿಕೆ. ತುಂಬಿ ತುಳುಕುವ ಬಸ್ಸಿನಲ್ಲಿ ಹಿಂದಿನಿಂದ ಮುಂದಕ್ಕೆ ಒಂದು ಸಲ ಕಣ್ಣು ಹಾಯಿಸಿದರೆ ಸಾಕು, ಎಷ್ಟು ತಲೆ ಎಂದು ಹೇಳಿಬಿಡುತ್ತಿದ್ದ. ತಪಾಸಣೆಯವರು ನಡುದಾರಿಯಲ್ಲಿ ಹತ್ತಿ ಒಬ್ಬೊಬ್ಬರನ್ನೇ ಮುಟ್ಟಿ ಎಣಿಸಿದರೂ ಅಷ್ಟೇ ಬರುತ್ತಿತ್ತು. ಕೆಲಸ ಬಿಟ್ಟ ಮೇಲೂ ಚಟ ಹೋಗಲಿಲ್ಲ. ರೊಟ್ಟಿ ಬುಟ್ಟಿಯಲ್ಲಿ ಎಷ್ಟಿವೆ, ಬೀದಿಯಲ್ಲಿ ಎಷ್ಟು ಕಂಬ, ಮದುವೆ ಪಂಕ್ತಿಯಲ್ಲಿ ಎಷ್ಟು ಎಲೆ, ಕೇಳಿದರೂ ಹೇಳುತ್ತಿದ್ದ, ಕೇಳದಿದ್ದರೂ ಹೇಳುತ್ತಿದ್ದ.

ಮಗಳು ಮಾಲಾ ಇನ್ನೂ ಅಂಗಳದಲ್ಲಿ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ ಅವನಿಗೆ ಆರು ವರ್ಷ ಹಂಪಸಾಗರದ ವಸ್ತಿ ಬಸ್ಸು ಬಿದ್ದಿತ್ತು. ಸಂಜೆ ಹೋದ ಬಸ್ಸು ರಾತ್ರಿ ಆ ಊರಲ್ಲೇ ತಂಗಿ, ಬೆಳಗಿನ ಮಂದಿಯನ್ನು ಹತ್ತಿಸಿಕೊಂಡು ವಾಪಸು ಬರುತ್ತಿತ್ತು. ಡ್ರೈವರು, ಕಂಡಕ್ಟರು ಬಸ್‌ಸ್ಟ್ಯಾಂಡಿನ ಎದುರಿಗಿದ್ದ ಅಂಜಿನಕ್ಕ ಎಂಬುವಳ ಖಾನಾವಳಿಯಲ್ಲಿ ಉಣ್ಣುತ್ತಿದ್ದರು. ಒಂದು ಸಲ ಪಕ್ಕೀರಪ್ಪ ಮಗುವಿಗೆಂದು ಕೆಂಪು ಉಲ್ಲನ್ ಟೊಪ್ಪಿಗೆ ತಂದ. ಎಲ್ಲಿಂದ ಎಂದು ಕೇಳಿದರೆ ಡಿಪೋದಲ್ಲಿ ಮಾರಲು ಬಂದಿದ್ದರು ಎಂದ. ಆ ಮಾತು ಹೇಳುವಾಗ ಅವನು ಕಾಲ ಬೆರಳನ್ನು ಒಳಕ್ಕೆ ಮಡಚಿಕೊಂಡದ್ದನ್ನು ಗಿಡ್ಡಮ್ಮ ನೋಡಿದಳು. ಖಾನಾವಳಿಯವಳ ಕೈಯದೇ ಇದು ಎಂದುಕೊಂಡಳು, ಆದರೆ ಏನೂ ಕೇಳಲಿಲ್ಲ. ಕೇಳಿದ್ದರೆ ಜಗಳವಾಗಿ ಮುಗಿದುಹೋಗುತ್ತಿತ್ತೋ ಏನೋ. ಕೇಳದೆ ಇಟ್ಟುಕೊಂಡದ್ದರಿಂದ ಅದು ಮೂವತ್ತು ವರ್ಷ ಬಾಳಿತು.

ನಿವೃತ್ತಿಯ ದುಡ್ಡಿನಲ್ಲಿ ಮನೆಗೆ ಟೈಲ್ಸ್ ಹಾಕಿಸಿದರು. ನೋಡಲು ಚೆಂದ, ಮಾಗಿಯ ಚಳಿಯಲ್ಲಿ ಕಾಲಿಟ್ಟರೆ ಮಾತ್ರ ನೆತ್ತಿಯವರೆಗೆ ಝುಮ್ಮೆನ್ನುತ್ತಿತ್ತು. ಗಿಡ್ಡಮ್ಮನಿಗೆ ಸಕ್ಕರೆ ಕಾಯಿಲೆ ಬೇರೆ. ಪಾದ ಜೋಮು ಹಿಡಿಯುತ್ತಿತ್ತು, ಹಿಮ್ಮಡಿ ಸೀಳಿ ರಕ್ತ ಬಂದರೂ ಗೊತ್ತಾಗುತ್ತಿರಲಿಲ್ಲ. ಮನೆಯೊಳಗೂ ಬರಿಗಾಲಲ್ಲಿ ಓಡಾಡಬೇಡ ಎಂದು ಡಾಕ್ಟರು ಹೇಳಿದರು. ಹರಪನಹಳ್ಳಿಯ ತಾಲ್ಲೂಕು ಕಚೇರಿಯಲ್ಲಿ ಕೆಲಸಕ್ಕಿದ್ದ ಮಾಲಾ ಮೆತ್ತನೆಯ ರಬ್ಬರ್ ಚಪ್ಪಲಿ ತಂದುಕೊಟ್ಟಳು. ಗಿಡ್ಡಮ್ಮ ಅದನ್ನು ಡಬ್ಬಿಯ ಸಮೇತ ಅಟ್ಟಕ್ಕೆ ಹಾಕಿದಳು.

"ದೇವರ ಜಗಲಿ ಇರೋ ಮನಿಯಾಗ ಮೆಟ್ಟು ಹಾಕ್ಕೊಂಡು ಅಡ್ಡಾಡಾಕ ನಾನೇನು ಆಸ್ಪತ್ರಿ ನರ್ಸಾ? ಮಂದಿ ಮೆಟ್ಟು ಒಳಗ ಹೋಗದಂಗ ಕಾಯೋದ ನನ್ನ ಕೆಲಸ. ನಾನs ಒಳಗ ಹಾಕ್ಕೊಂಡ್ರ ಹೆಂಗ?"

ಪಕ್ಕೀರಪ್ಪ ಅವತ್ತು ಅದನ್ನು ಕೇಳಿಸಿಕೊಂಡು ಎದ್ದು ಹೋದ.

ದೀಪಾವಳಿ ಕಳೆದು ಎರಡು ವಾರವಾಗಿತ್ತು. ಗಂಡನ ಬಿಳಿ ಬನಿಯನ್ನು ಒಗೆಯಲು ತೆಗೆದುಕೊಂಡ ಗಿಡ್ಡಮ್ಮನ ಕಣ್ಣಿಗೆ ಅದರ ಮೇಲೆ ಕರಿಯ ಎಳೆ ಬಿತ್ತು. ಕೂದಲಲ್ಲ. ಬೆರಳಲ್ಲಿ ಹೊಸೆದು ನೋಡಿದಳು, ಕುರಿಯ ಉಣ್ಣೆ. ಮನೆಯಲ್ಲಿ ಕುರಿ ಇಲ್ಲ, ಕಂಬಳಿ ಪೆಟ್ಟಿಗೆಯಿಂದ ಹೊರಗೆ ಬಂದಿಲ್ಲ. ಮರುದಿನದ ಬನಿಯನ್ನಿನ ಮೇಲೂ ಎರಡು ಎಳೆ. ತಾನು ಬೆಳಿಗ್ಗೆಯೆಲ್ಲ ಗುಡಿಯಲ್ಲಿರುವಾಗ ಈ ಮನುಷ್ಯ ಯಾವ ಕುರಿಯ ಜೊತೆ ಕೂತಿರುತ್ತಾನೆ ಎಂದು ಅವಳಿಗೆ ಯೋಚನೆ ಹತ್ತಿತು.

ಸಂಜೆ ನಾಲ್ಕಕ್ಕೆ ಪಕ್ಕೀರಪ್ಪ ಬಸ್‌ಸ್ಟ್ಯಾಂಡಿಗೆ ಹೋಗುವುದು ರೂಢಿ. ಚಾ ಕುಡಿದು, ಯಾವ ಬಸ್ಸು ಎಷ್ಟು ನಿಮಿಷ ತಡ ಎಂದು ಲೆಕ್ಕ ಹಾಕಿ, ಆರಕ್ಕೆ ಬರುತ್ತಿದ್ದ. ಅವನು ಓಣಿ ದಾಟುವುದನ್ನೇ ಕಾದು ಗಿಡ್ಡಮ್ಮ ಮನೆ ಶೋಧಿಸಿದಳು. ಮಹಡಿ ಮೆಟ್ಟಿಲ ಕೆಳಗಿನ ಗೂಡಿನಲ್ಲಿ ಅವನ ಹಳೆಯ ಕಂಡಕ್ಟರ್ ಟ್ರಂಕು ಇತ್ತು. ಅದರೊಳಗೆ ಕರಿಯ ಉಣ್ಣೆ ನೂಲಿನ ದಪ್ಪ ಉಂಡೆ, ಒಂದು ಕೊಕ್ಕೆ ಕಡ್ಡಿ, ಅರ್ಧ ಹೆಣೆದ ಎರಡು ಮೆಟ್ಟು.

ಅವಳು ಅಲ್ಲೇ ನೆಲದ ಮೇಲೆ ಕೂತಳು. ಗಂಡನಿಗೆ ಹೆಣೆಯಲು ಬರುತ್ತದೆ ಎಂಬುದೇ ಅವಳಿಗೆ ಗೊತ್ತಿರಲಿಲ್ಲ. ಬೆರಳ ತುದಿಯಿಂದ ಶುರುಮಾಡಿ ಹಿಮ್ಮಡಿಯ ಕಡೆ ಸಾಲು ಸಾಲಾಗಿ ಬರುತ್ತಿದ್ದ ಮಂದವಾದ, ಬೆಚ್ಚಗಿನ ಉಣ್ಣೆ ಮೆಟ್ಟು. ಒಂದು ಮುಂದೆ ಒಂದು ಹಿಂದೆ ಆಗದಂತೆ ಎರಡನ್ನೂ ಸಮಸಮ ಹೆಣೆಯುತ್ತಿದ್ದ. ಟ್ರಂಕಿನ ಮುಚ್ಚಳಕ್ಕೆ ಒಳಗಡೆಯಿಂದ ಒಂದು ಕ್ಯಾಲೆಂಡರ್ ಹಾಳೆ ಅಂಟಿಸಿ, ಸಾಲಿಗೊಂದು ಗೀಟು ಎಳೆದಿದ್ದ. ಹತ್ತು ಗೀಟು. ಕೆಳಗೆ ಪೆನ್ಸಿಲ್ಲಿನಲ್ಲಿ 28 ಎಂದು ಬರೆದು ಸುತ್ತ ಗುಂಡು ಹಾಕಿದ್ದ.

ಆಮೇಲೆ ಅವಳ ಕಣ್ಣು ತನ್ನ ಕಸುಬಿಗೆ ಇಳಿಯಿತು. ಮುಂಭಾಗದ ಅಗಲ ನೋಡಿದರೆ ಸಾಕು, ಮಿಕ್ಕಿದ್ದನ್ನು ಅವಳು ನಿದ್ದೆಗಣ್ಣಲ್ಲೂ ಹೇಳಬಲ್ಲಳು. ಅವಳದು ನಾಲ್ಕು ನಂಬರಿನ ಕಾಲು. ಪಕ್ಕೀರಪ್ಪನದು ಏಳು. ಮಾಲಾಳದು ಐದು. ಇದು ಒಂಬತ್ತಕ್ಕೆ ಕಡಿಮೆ ಇಲ್ಲ. ಈ ಮನೆಯಲ್ಲಿ ಒಂಬತ್ತು ನಂಬರಿನ ಕಾಲು ಯಾರದೂ ಇರಲಿಲ್ಲ.

ಮೂವತ್ತು ವರ್ಷದ ಹಿಂದಿನ ಕೆಂಪು ಟೊಪ್ಪಿಗೆ ಆಗ ಅವಳ ತಲೆಗೆ ಬಂದದ್ದು ಹೊಸ ಸಂಗತಿಯೇನಲ್ಲ, ಅದು ಯಾವತ್ತೂ ಅಲ್ಲೇ ಇತ್ತು.

ಮುಂದಿನ ಬುಧವಾರ ಗುಡಿಗೆ ರಜೆ ಹೇಳಿ ಅವಳು ಬಸ್ಸು ಹತ್ತಿದಳು. ಗಂಡನಿಗೆ ಗುಡಿಗೆ ಹೋಗುತ್ತೇನೆಂದೇ ಹೇಳಿ ಬಂದಿದ್ದಳು. ಹೆಂಗಸರಿಗೆ ಬಸ್ಸು ಪುಕ್ಕಟೆಯಾದಾಗಿನಿಂದ ಅನುಮಾನ ತೀರಿಸಿಕೊಳ್ಳುವುದಕ್ಕೂ ಆಧಾರ್ ಕಾರ್ಡ್ ಇದ್ದರೆ ಸಾಕು. ಹಗರಿಬೊಮ್ಮನಹಳ್ಳಿಯಲ್ಲಿ ಇಳಿದು ಬೇರೆ ಬಸ್ಸು ಹಿಡಿದು ಹಂಪಸಾಗರ ಸೇರುವ ಹೊತ್ತಿಗೆ ಬಿಸಿಲು ಏರಿತ್ತು.

ಅಂಜಿನಕ್ಕನ ಖಾನಾವಳಿ ಈಗ ಖಾನಾವಳಿಯಾಗಿ ಉಳಿದಿರಲಿಲ್ಲ. ಮನೆಯ ಮುಂದಿನ ಕಟ್ಟೆಯಲ್ಲಿ ಒಲೆ ಇಟ್ಟು ಮಿರ್ಚಿ ಕರಿಯುತ್ತಿದ್ದರು. ಕರಿಯುವವಳು ಸೊಸೆ ಇರಬೇಕು. ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಎತ್ತರದ ಮುದುಕಿ ಕೂತಿದ್ದಳು. ಗಿಡ್ಡಮ್ಮ ಮುಖ ನೋಡಲಿಲ್ಲ. ಸೀರೆಯ ಅಂಚಿನ ಕೆಳಗೆ ಚಾಚಿಕೊಂಡಿದ್ದ ಎರಡು ಪಾದ ನೋಡಿದಳು. ಅಗಲವಾದ, ಉದ್ದ ಬೆರಳಿನ, ಒಂಬತ್ತು ನಂಬರಿನ ಪಾದ.

"ಯಾವೂರಮ್ಮ?" ಮುದುಕಿ ಕೇಳಿದಳು.

"ತೆಲಿಗಿ. ಹಡಗಲಿ ಬಸ್ಸಿಗೆ ಕಾಯಾಕತ್ತೀನಿ." ತವರಿನ ಹೆಸರು ಹೇಳಿದ್ದರಿಂದ ಅದು ಪೂರ್ತಿ ಸುಳ್ಳಾಗಲಿಲ್ಲ ಎಂದು ಗಿಡ್ಡಮ್ಮ ಸಮಾಧಾನ ಮಾಡಿಕೊಂಡಳು.

"ಕುಂದ್ರು ಬಾ. ಅದು ಬರಾಕ ಇನ್ನೂ ಹೊತ್ತೈತಿ."

ಗಿಡ್ಡಮ್ಮ ಕೂತಳು. ಕೂತಲ್ಲಿಂದ ಬಾಗಿಲು ಕಾಣುತ್ತಿತ್ತು. ಬಾಗಿಲಿಗೆ ಹಳೆಯ ಉಲ್ಲನ್ ತೋರಣ. ಅದರ ಒಂದೊಂದು ಸಾಲಿನ ಕೊನೆಗೂ ಒಂದು ಕುಣಿಕೆ ಬಿಟ್ಟು ತಿರುಗಿಸಿದ್ದರು. ಟ್ರಂಕಿನಲ್ಲಿದ್ದ ಮೆಟ್ಟಿನ ಅಂಚಿನಲ್ಲೂ ಅದೇ ಕುಣಿಕೆ ಇತ್ತು.

"ತೋರಣ ಚಂದ ಐತಿ. ಯಾರು ಹೆಣಿದಿದ್ದು?"

"ನಾನs. ಈಗ ಕಣ್ಣು ಕಾಣಂಗಿಲ್ಲ. ಆವಾಗ ಊರಾಗ ಎಷ್ಟೋ ಮಂದಿಗೆ ಕಲಿಸೀನಿ." ಅಂಜಿನಕ್ಕ ನಕ್ಕಳು. "ವಸ್ತಿ ಬಸ್ಸಿನ ಕಂಡಕ್ಟರ್ ಒಬ್ಬಾತಗೂ ಕಲಿಸಿದ್ದೆ ನೋಡು. ಗಂಡಸಾಗಿ ಕಡ್ಡಿ ಹಿಡೀತಾನಂತ ಡ್ರೈವರ್ ನಗಾಡತಿದ್ದ. ಆತ ಕೂದಲಷ್ಟೂ ತಪ್ಪತಿದ್ದಿಲ್ಲ. ಎಣಿಕಿ ಅಂದ್ರ ಎಣಿಕಿ ಆತಂದು."

ಗಿಡ್ಡಮ್ಮ ಮತ್ತೇನೂ ಕೇಳಲಿಲ್ಲ. ಕೇಳಬೇಕಾದದ್ದು ಇತ್ತು. ಆತ ಈಗಲೂ ಬರುತ್ತಾನಾ, ನಿನಗೆ ಮೆಟ್ಟು ಹೆಣೆದುಕೊಡುತ್ತೇನೆ ಅಂದಿದ್ದಾನಾ. ನಾಲಿಗೆಯ ತುದಿಗೆ ಬಂದದ್ದನ್ನು ಅವಳು ನುಂಗಿಕೊಂಡಳು. ಕಣ್ಣಾರೆ ಕಂಡ ಮೇಲೆ ಬಾಯಿಬಿಟ್ಟು ಕೇಳಿ ಸಣ್ಣವಳಾಗುವುದು ಯಾಕೆ ಎಂದು ಹಡಗಲಿ ಬಸ್ಸು ಬರುವ ಮೊದಲೇ ಎದ್ದು, ಎದುರು ದಿಕ್ಕಿನ ಬಸ್ಸು ಹತ್ತಿಬಿಟ್ಟಳು. ಅಂಜಿನಕ್ಕ ಹಿಂದಿನಿಂದ, "ಅದು ಹಡಗಲಿಗೆ ಹೋಗಂಗಿಲ್ಲಬೇ," ಎಂದು ಕೂಗುತ್ತಲೇ ಇದ್ದಳು.

ಅವತ್ತು ಸಂಜೆ ಪಕ್ಕೀರಪ್ಪ ಚಾಕ್ಕೆ ಹೋದದ್ದೇ ಅವಳು ಟ್ರಂಕು ತೆಗೆದಳು. ಮೆಟ್ಟು ಇನ್ನಷ್ಟು ಬೆಳೆದಿತ್ತು. ಹರಿದು ಹಾಕಬೇಕು ಎನಿಸಿತು. ಆದರೆ ಹರಿದರೆ ಗೊತ್ತಾಗುತ್ತದೆ, ಜಗಳವಾಗುತ್ತದೆ, ಅವನು ಏನಾದರೂ ಒಂದು ಹೇಳಿ ಬಚಾವಾಗುತ್ತಾನೆ. ಅದಕ್ಕಿಂತ ಈ ಮೆಟ್ಟು ಆ ಕಾಲಿಗೆ ಆಗಬಾರದು, ಅಷ್ಟೇ. ಅವನು ಹೊತ್ತುಕೊಂಡು ಹಂಪಸಾಗರದವರೆಗೆ ಹೋಗಿ, ಆ ಕಾಲಿಗೆ ಹಾಕಲು ನೋಡಿ, ಹಿಡಿಸದೆ ಸಣ್ಣ ಮುಖ ಮಾಡಿಕೊಂಡು ಬರಬೇಕು. ಅವಳು ಕೊನೆಯ ಕುಣಿಕೆಯಿಂದ ಕಡ್ಡಿ ತೆಗೆದು ನೂಲು ಎಳೆದಳು. ಸಾಲು ಸರಸರನೆ ಬಿಚ್ಚಿಕೊಂಡಿತು. ಎರಡು ಸಾಲು ಇದರಿಂದ, ಎರಡು ಸಾಲು ಅದರಿಂದ. ನೂಲನ್ನು ಉಂಡೆಗೆ ಸುತ್ತಿ, ಕುಣಿಕೆಗೆ ಮತ್ತೆ ಕಡ್ಡಿ ಸಿಕ್ಕಿಸಿ, ಇದ್ದ ಹಾಗೇ ಇಟ್ಟಳು. ಕರಿಯ ಉಣ್ಣೆಯಲ್ಲಿ ಸಾಲು ಎಲ್ಲಿ ಮುಗಿಯಿತು ಎಂದು ಕಣ್ಣಿಗೆ ಕಾಣುವಂತಿರಲಿಲ್ಲ. ಹಾಳೆಯ ಮೇಲಿನ ಗೀಟುಗಳು ಮಾತ್ರ ಇದ್ದಷ್ಟೇ ಇದ್ದವು.

ವಾರ ಬಿಟ್ಟು ಮತ್ತೆ ಎರಡು ಸಾಲು ಬಿಚ್ಚಿದಳು. ಬಿಚ್ಚುವಾಗ ಅವಳಿಗೆ ಖುಷಿಯಾಗುತ್ತಿತ್ತು ಎನ್ನುವುದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

ಅಷ್ಟರಲ್ಲಿ ಪಕ್ಕೀರಪ್ಪನ ನಡವಳಿಕೆ ಬದಲಾಗತೊಡಗಿತು. ಗಿಡ್ಡಮ್ಮ ಒಂದನ್ನೂ ಬಿಡದೆ ನೋಡುತ್ತಿದ್ದಳು. ಒಂದು ಮುಂಜಾನೆ ರೊಟ್ಟಿ ಮುರಿಯುತ್ತ ಅವನು, "ಇವತ್ತು ಯಾವ ವಾರ?" ಎಂದು ಕೇಳಿದ. ಮೂವತ್ತೊಂದು ವರ್ಷ ದಿನಕ್ಕೆ ನೂರು ಸಲ ತಾರೀಖು ಕೂಗಿದವನು.

"ಯಾಕ? ಎಲ್ಲರ ಹೋಗೋದೈತೇನ್ರಿ?"

"ಇಲ್ಲ. ಸುಮ್ನ ಕೇಳಿದೆ." ಇನ್ನೊಂದು ತುತ್ತು ಮುರಿದು ಅವನು, "ಶನಿವಾರ ಅಲ್ಲೇನು?" ಎಂದ.

"ಶನಿವಾರನ."

ಅವನು ತಲೆಯಾಡಿಸಿದ, ದೊಡ್ಡ ಪರೀಕ್ಷೆ ಪಾಸಾದವನ ಹಾಗೆ. ಯಾವ ವಾರಕ್ಕೆ ಕಾಯುತ್ತಿದ್ದಾನೋ ಎಂದು ಗಿಡ್ಡಮ್ಮ ಹಲ್ಲು ಕಚ್ಚಿಕೊಂಡಳು. ಎರಡು ದಿನ ಬಿಟ್ಟು ಮಾಲಾ ಫೋನ್ ಮಾಡಿದಳು.

"ಅಮ್ಮಾ, ಅಪ್ಪಗೆ ಏನಾಗೇತಿ? ನಿನ್ನೆ ನನಗೆ ಫೋನ್ ಹಚ್ಚಿ ನಾನು ಹುಟ್ಟಿದ ತಾರೀಖು ಹೇಳಿ, ಸರಿ ಐತಾ ಅಂತ ಕೇಳ್ದ. ದೊಡ್ಡಪ್ಪಗೆ ಮರೆವು ಶುರುವಾದಾಗ ಎಷ್ಟು ವಯಸ್ಸು ಅಂತಾನೂ ಕೇಳ್ದ."

ದೊಡ್ಡಪ್ಪನೆಂದರೆ ಪಕ್ಕೀರಪ್ಪನ ಅಣ್ಣ ಹುಲುಗಣ್ಣ. ಅವನು ಕೊನೆಯ ಎರಡು ವರ್ಷ ತನ್ನ ಮನೆಯ ಬಾಗಿಲಲ್ಲೇ ನಿಂತು, ಇದು ಯಾರ ಮನೆ ಎಂದು ಹೋಗಿ ಬರುವವರನ್ನು ಕೇಳುತ್ತ ಸತ್ತವನು.

"ವಯಸ್ಸಾತಲ್ಲ, ಹಳೇದು ನೆನಪು ಮಾಡ್ಕೋತಾರ," ಎಂದು ಗಿಡ್ಡಮ್ಮ ಮಗಳ ಬಾಯಿ ಮುಚ್ಚಿಸಿದಳು. ತನ್ನೊಳಗೆ ಮಾತ್ರ, ಹಳೆಯದು ಅಂದರೆ ಯಾವುದು ಎಂದು ನನಗೆ ಗೊತ್ತು ಎಂದುಕೊಂಡಳು.

ಮರುವಾರ ಅವನ ಅಂಗಿಯ ಜೇಬಿನಲ್ಲಿ ಬಸ್ ಟಿಕೆಟ್ಟು ಸಿಕ್ಕಿತು. ಕೊಟ್ಟೂರಿನಿಂದ ಹಗರಿಬೊಮ್ಮನಹಳ್ಳಿಗೆ. ಅವಳು ಗುಡಿಯಲ್ಲಿದ್ದ ಹೊತ್ತಿನದು. ಹಂಪಸಾಗರಕ್ಕೆ ಹೋಗುವವರು ಅಲ್ಲೇ ಇಳಿಯಬೇಕು. ಮುಂದಿನ ಟಿಕೆಟ್ಟನ್ನು ಹರಿದು ಬಿಸಾಕಿದ್ದಾನೆ, ಇದನ್ನು ಮರೆತಿದ್ದಾನೆ. ಅವತ್ತು ಸಂಜೆ ಅವಳು ಒಂದೇ ಏಟಿಗೆ ನಾಲ್ಕು ನಾಲ್ಕು ಸಾಲು ಬಿಚ್ಚಿದಳು. ಕಣ್ಣಲ್ಲಿ ನೀರು ಬರುತ್ತಿತ್ತು, ಅಳುತ್ತಿರುವುದು ಸಿಟ್ಟಿಗೋ ಹೊಟ್ಟೆಕಿಚ್ಚಿಗೋ ಅವಳಿಗೇ ತಿಳಿಯಲಿಲ್ಲ. ಅರವತ್ತರ ಹತ್ತಿರ ಬಂದ ಹೆಂಗಸು, ಮಗಳು ಆಫೀಸರ್ ಆಗುವ ವಯಸ್ಸು, ಮುದುಕ ಗಂಡನಿಗಾಗಿ ಮೆಟ್ಟಿಲ ಗೂಡಿನಲ್ಲಿ ಕೂತು ಅಳುವುದು ಎಷ್ಟು ನಾಚಿಕೆಗೇಡು ಎಂದುಕೊಂಡು ಮತ್ತಷ್ಟು ಅತ್ತಳು.

ಆಮೇಲಿನ ದಿನಗಳಲ್ಲಿ ಪಕ್ಕೀರಪ್ಪ ಬಸ್‌ಸ್ಟ್ಯಾಂಡಿಗೆ ಹೋಗುವುದನ್ನೇ ಬಿಟ್ಟ. ಸಂಜೆಯೆಲ್ಲ ಮನೆಯಲ್ಲೇ ಕೂತು ಗೋಡೆ ನೋಡುತ್ತಿದ್ದ. ಬುಟ್ಟಿಯಲ್ಲಿ ಎಷ್ಟು ರೊಟ್ಟಿ ಎಂದು ಹೇಳುವುದೂ ನಿಂತಿತು. ಒಂದು ದಿನ ಗಿಡ್ಡಮ್ಮನೇ ತಡೆಯಲಾರದೆ, "ಎಷ್ಟು ಅದಾವ್ರಿ?" ಎಂದು ಕೇಳಿದಳು. ಅವನು ಬುಟ್ಟಿಯನ್ನು ಹತ್ತಿರ ಎಳೆದುಕೊಂಡು, ಒಂದೊಂದೇ ರೊಟ್ಟಿ ಮುಟ್ಟಿ ಎಣಿಸಿ, ಮತ್ತೆ ಮೊದಲಿನಿಂದ ಎಣಿಸಿ, "ಏಳು," ಎಂದ. ಕಳ್ಳನಿಗೆ ಎಣಿಕೆ ಹೇಗೆ ನಿಲ್ಲಬೇಕು ಎಂದು ಅವಳು ಅಂದುಕೊಂಡಳು. ಅಂದುಕೊಂಡಷ್ಟು ನೆಮ್ಮದಿ ಮಾತ್ರ ಸಿಗಲಿಲ್ಲ.

ಸಂಕ್ರಾಂತಿಗೆ ನಾಲ್ಕು ದಿನ ಇತ್ತು. ಗಿಡ್ಡಮ್ಮ ಗುಡಿಯಿಂದ ಬಂದಾಗ ಹಿತ್ತಲಲ್ಲಿ ಒಲೆ ಉರಿಯುತ್ತಿತ್ತು. ಹಂಡೆಯಲ್ಲಿ ನೀರು ಕುದಿಯುತ್ತಿತ್ತು. ಬಚ್ಚಲಕಲ್ಲಿನ ಮೇಲೆ ಪಕ್ಕೀರಪ್ಪ ಪಂಚೆ ಎತ್ತಿ ಕಟ್ಟಿಕೊಂಡು, ನೊರೆ ತುಂಬಿದ ಬೋಗುಣಿಯೊಳಗೆ ನಿಂತು ಏನನ್ನೋ ತುಳಿಯುತ್ತಿದ್ದ. ಬಿಸಿನೀರು ಹೊಯ್ಯುವುದು, ತುಳಿಯುವುದು, ಎತ್ತಿ ಹಿಂಡುವುದು, ಮತ್ತೆ ತುಳಿಯುವುದು. ಮುಚ್ಚುಮರೆ ಏನೂ ಇರಲಿಲ್ಲ.

"ಬಾ ಗಿಡ್ಡಿ. ಕುಂದ್ರು, ಕಾಲು ಚಾಚು," ಎಂದ.

ಅವಳು ಏನೂ ಅರ್ಥವಾಗದೆ ಹಿತ್ತಲ ಕಟ್ಟೆಯ ಮೇಲೆ ಕೂತಳು. ಅವನು ಬೋಗುಣಿಯಿಂದ ಉಣ್ಣೆ ಮೆಟ್ಟು ತೆಗೆದು ಹಿಂಡಿ ಅವಳ ಮುಂದೆ ಕೂತ. ಒಂಬತ್ತು ನಂಬರಿನ ಅಗಲವಿದ್ದ ಮೆಟ್ಟು ಕುಗ್ಗಿ, ಒತ್ತಾಗಿ, ಕಂಬಳಿಯ ಹಾಗೆ ಗಟ್ಟಿಯಾಗಿತ್ತು.

"ಕೂಡ್ಲಿಗಿ ಕಡೆ ನನ್ನ ದೋಸ್ತ ಪಾಲಯ್ಯ ಅದಾನಲ್ಲ, ಕುರಿಯಾತ, ಅವರವ್ವ ನೂತಿದ್ದು. ಕೈನೂಲಿನ ಉಣ್ಣಿ, ಅಂಗಡಿ ಉಲ್ಲನ್ ಅಲ್ಲ. ಬಿಸಿನೀರಾಗ ತುಳಿದ್ರ ನಾಕು ಬೆರಳು ಕುಗ್ಗತೈತಂತ, ಅದಕ್ಕ ದೊಡ್ಡದು ಹೆಣಿಬೇಕು ಅಂದಿದ್ದ. ನಿನ್ನ ಚಪ್ಲಿ ಮ್ಯಾಲೆ ದಾರ ಇಟ್ಟು ಅಳತಿ ತಗಂಡು, ಲೆಕ್ಕ ಹಾಕಿ, ಇಪ್ಪತ್ತೆಂಟು ಸಾಲು ಅಂತ ಇಟ್ಟಿದ್ದೆ. ಉಣ್ಣಿಗೆ ಮೈಲಿಗಿ ಇಲ್ಲ. ಕಂಬಳಿ ಹಾಸಿ ದೇವರನ್ನ ಕುಂದ್ರಸ್ತೀವಿ. ಜಗಲಿ ಮುಂದನೂ ಹಾಕ್ಕೊಂಡು ಅಡ್ಡಾಡಬೌದು ನೀನು."

ಅವನು ಅವಳ ಬಲಗಾಲು ಎತ್ತಿ ಮೆಟ್ಟಿನೊಳಗೆ ತೂರಿಸಿದ. ಬೆರಳುಗಳು ಬೆಚ್ಚಗೆ ಕೂತವು. ಅಗಲ ಅವಳಿಗೇ ಮಾಡಿದ ಹಾಗೆ ಇತ್ತು, ಅವಳಿಗೇ ಮಾಡಿದ್ದೂ ಹೌದು. ಆದರೆ ಹಿಮ್ಮಡಿ ನಾಲ್ಕು ಬೆರಳು ಹೊರಗೇ ಉಳಿಯಿತು. ಅವನು ಎಳೆದ. ಎಡಗಾಲಿಗೆ ಹಾಕಿ ನೋಡಿದ. ಅದೂ ಅಷ್ಟೇ. ಒಮ್ಮೆ ಕುಗ್ಗಿದ ಉಣ್ಣೆ ಹಿಗ್ಗುವುದೂ ಇಲ್ಲ, ಬಿಚ್ಚಲು ಬರುವುದೂ ಇಲ್ಲ.

ಪಕ್ಕೀರಪ್ಪ ಅವಳ ಸೀಳಿದ ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದುಕೊಂಡೇ ಕೂತ.

"ನನ್ನ ತಲಿ ಹೋಗೇತಿ ಗಿಡ್ಡಿ," ಎಂದ. ಧ್ವನಿ ಸಣ್ಣಗಿತ್ತು. "ತಿಂಗಳಿಂದ ಹಂಗ ಅನಸಾಕತ್ತಿತ್ತು. ಸಾಲು ಹೆಣಿತಿದ್ದೆ, ಗೀಟು ಹಾಕತಿದ್ದೆ, ಮೆಟ್ಟು ಬೆಳೀತಿದ್ದಿಲ್ಲ. ಹೆಣೀದs ಗೀಟು ಹಾಕೀನೇನು, ಹಾಕಿದ್ದನ್ನ ಮರ್ತು ಇನ್ನೊಂದು ಹಾಕೀನೇನು, ಏನೂ ತಿಳಿವಲ್ದು. ಹಗರಿಬೊಮ್ಮನಹಳ್ಳಿಗೆ ತಲಿ ಡಾಕ್ಟರ್ ಬರತಾನಂತ ಹೋಗಿ ತೋರಿಸಿದೆ. ನೂರರಿಂದ ಏಳು ಏಳು ಕಳೀರಿ ಅಂದ. ಕಳದೆ. ಆರು ತಿಂಗಳು ನೋಡಾಣ ಅಂದ. ಏನು ನೋಡೋದು? ನಮ್ಮಣ್ಣಗೂ ಹಂಗs ಅಂದಿದ್ರು."

ಗಿಡ್ಡಮ್ಮ ಕಾಲಿನ ಅರ್ಧಕ್ಕೇ ನಿಂತ ಮೆಟ್ಟಿನ ಅಂಚನ್ನು ಬೆರಳಿನಿಂದ ಮುಟ್ಟಿ ನೋಡಿದಳು.

"ಹಿಮ್ಮಡಿ ಮುಚ್ಚೋಕಿಂತ ಮುಂಚೆ ಉಗುರು ಹಾಕಿ ಸಾಲು ಎಣಿಸಿದೆ. ಇಪ್ಪತ್ತು ಬಂತು. ಗೀಟು ಇಪ್ಪತ್ತೆಂಟು. ಇನ್ನೆಂಟು ಹೆಣಿಬೌದಿತ್ತು. ಹೆಣಿದ್ರ ನನ್ನ ಎಣಿಕಿ ಸುಳ್ಳು ಅಂತ ನಾನs ಒಪ್ಪಿಕೊಂಡಂಗ. ಹುಲುಗಣ್ಣ ಆದಂಗ. ಇಲ್ಲ, ಗೀಟು ಹಾಕಿದ್ದು ನಾನು, ಅದs ಖರೆ ಅಂತ ಹಟ ಮಾಡಿ ಮುಚ್ಚಿಬಿಟ್ಟೆ. ನೋಡು, ಏನಾತು."

ಅವಳು ಅವನನ್ನು ಕಳ್ಳನೆಂದು ಕಾಯುತ್ತಿದ್ದ ಅಷ್ಟೂ ದಿನ ಈ ಮನುಷ್ಯ ತನ್ನ ತಲೆಯನ್ನೇ ಕಾಯುತ್ತ ಕೂತಿದ್ದ. ವಾರ ಕೇಳಿದ್ದು, ರೊಟ್ಟಿ ಮುಟ್ಟಿ ಎಣಿಸಿದ್ದು, ಟಿಕೆಟ್ಟು, ಎಲ್ಲ ಒಟ್ಟಿಗೆ ಅವಳ ಮೇಲೆ ಬಿತ್ತು. ಸುಮ್ಮನಿದ್ದುಬಿಟ್ಟರೆ ಯಾರಿಗೂ ಗೊತ್ತಾಗುವುದಿಲ್ಲ ಎಂಬುದೂ ಅದೇ ಗಳಿಗೆಯಲ್ಲಿ ಅವಳಿಗೆ ಹೊಳೆಯಿತು. ಹೊಳೆದದ್ದಕ್ಕೆ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು.

"ನಿಮ್ಮ ತಲಿ ಸರಿ ಐತ್ರಿ," ಎಂದಳು. "ನಾನು ಬಿಚ್ಚೀನಿ. ನೀವು ಚಾಕ್ಕ ಹೋದಾಗ ಟ್ರಂಕ್ ತಗದು ನಾನs ಸಾಲು ಬಿಚ್ಚೀನಿ."

ಪಕ್ಕೀರಪ್ಪ ತಲೆ ಎತ್ತಿದ.

"ಮೆಟ್ಟು ದೊಡ್ಡದಿತ್ತು. ಹಂಪಸಾಗರದಾಕಿಗೆ ಅಂದ್ಕೊಂಡೆ. ಅಲ್ಲಿಗೂ ಹೋಗಿ ಬಂದೆ, ಆಕಿ ಕಾಲು ನೋಡಾಕ. ಆಕಿನ ನಿಮಗ ಹೆಣಿಯೋದು ಕಲಿಸಿದ್ದಂತಲ್ಲ."

"ಕಲಿಸಿದ್ದು ಖರೆ," ಎಂದ ಅವನು, ಯಾರೂ ಇಳಿಯದ ಸ್ಟಾಪಿನ ಹೆಸರು ಕೂಗಿದ ಹಾಗೆ. "ಎಷ್ಟು ಸಾಲು ಬಿಚ್ಚಿದಿ?"

"ಯಾಕ ಮುಚ್ಚಿಟ್ರಿ ಅಂತ ನಾನು..."

"ಅದು ಆಮ್ಯಾಲೆ. ಎಷ್ಟು ಸಾಲು, ಅಷ್ಟು ಹೇಳು."

ಅವನು ಅವಳ ಹಿಮ್ಮಡಿಯನ್ನು ಬಿಗಿಯಾಗಿ ಹಿಡಿದಿದ್ದ. ಗಿಡ್ಡಮ್ಮ ಬೆರಳು ಮಡಚಿದಳು. "ಮೊದಲ ದಿನ ಎರಡು. ವಾರ ಬಿಟ್ಟು ಎರಡು. ಟಿಕೆಟ್ ಸಿಕ್ಕ ದಿನ ನಾಕು. ಎರಡಕ್ಕೂ ಅಷ್ಟಷ್ಟs."

"ಎಂಟು."

"ಹೂಂರಿ. ಎಂಟು."

"ಇಪ್ಪತ್ತು ಉಳಿದಿದ್ವು. ಎಂಟು ನೀ ಬಿಚ್ಚಿದಿ. ಇಪ್ಪತ್ತೆಂಟು." ಅವನು ಇನ್ನೊಮ್ಮೆ ಹೇಳಿಕೊಂಡ, "ಇಪ್ಪತ್ತೆಂಟು. ಒಂದೂ ತಪ್ಪಿಲ್ಲ." ಮೂವತ್ತೆಂಟು ವರ್ಷದ ಸಂಸಾರದಲ್ಲಿ ಗಿಡ್ಡಮ್ಮ ಅವನು ಅತ್ತದ್ದನ್ನು ನೋಡಿದ್ದು ಅದೇ ಮೊದಲು.

ಅವಳು ಬೈಗುಳಕ್ಕೆ ಕಾದಳು. ಎರಡು ಏಟು ಹಾಕಿದ್ದರೂ ಈಸಿಕೊಳ್ಳುತ್ತಿದ್ದಳು. ಯಾಕೆ ಹಾಗೆ ಮಾಡಿದೆ, ಇಷ್ಟು ವರ್ಷ ನನ್ನನ್ನು ಏನೆಂದು ತಿಳಿದಿದ್ದೆ ಎಂದು ಅವನು ಕೇಳಲೇ ಇಲ್ಲ.

"ನೀ ಬಿಚ್ಚಿದ್ದು ಚಲೋ ಆತು ಗಿಡ್ಡಿ," ಎಂದ. "ಭಾಳ ಚಲೋ ಆತು." ಸೋಪಿನ ನೊರೆ ಇನ್ನೂ ಆರದ ಎರಡೂ ಕೈಗಳನ್ನು ಜೋಡಿಸಿ ಅವಳಿಗೆ ಮುಗಿದ.

ಗಿಡ್ಡಮ್ಮ ಆ ಕೈಗಳನ್ನು ಬಿಡಿಸಲು ಹೋದಳು. ಅವನು ಬಿಡಲಿಲ್ಲ.